ಬ್ಯಾಟರಿಯಲ್ಲಿ 12.2, ಹೀಟರ್‌ನಲ್ಲಿ 10.1: ಹಳೆಯ ಮೋಟಾರ್‌ಹೋಮ್‌ನ ಕರೆಂಟ್ ದೋಷ ಹುಡುಕುವ ಬಗೆ

ಗ್ರ್ಯಾಂಡ್ ಕ್ಯಾನಿಯನ್‌ನ ದಕ್ಷಿಣ ಅಂಚಿನ ಮ್ಯಾದರ್ ಕ್ಯಾಂಪ್‌ಗ್ರೌಂಡ್ ಸುಮಾರು 7,000 ಅಡಿ ಎತ್ತರದಲ್ಲಿದೆ. ಅಕ್ಟೋಬರ್‌ನಲ್ಲಿ ಹಗಲು ಹಿತವಾಗಿರುತ್ತದೆ, ಬೆಳಗಿನ ಜಾವ ಮೈ ಮರಗಟ್ಟುತ್ತದೆ. ಗಾಡಿಗೆ ಕರೆಂಟ್ ಕೊಡುವ ಕಂಬಗಳು ಅಲ್ಲಿಲ್ಲ, ರಾತ್ರಿ ಜನರೇಟರ್ ಹಾಕುವಂತೆಯೂ ಇಲ್ಲ. ಅಂಥ ಜಾಗದಲ್ಲಿ ರಾತ್ರಿ 3 ಗಂಟೆಗೆ ಒಳಗೇ ಉಂಡು ಮಲಗಬಹುದಾದ ನಮ್ಮ 1996ರ ಮೋಟಾರ್‌ಹೋಮ್‌ನ ಗ್ಯಾಸ್ ಹೀಟರ್ ಕೈಕೊಟ್ಟಿತು. ಫ್ಯಾನ್ ತಿರುಗುತ್ತದೆ, ತಣ್ಣನೆಯ ಗಾಳಿ ಬರುತ್ತದೆ, ಬೆಂಕಿ ಮಾತ್ರ ಹತ್ತುವುದಿಲ್ಲ. ದಾವಣಗೆರೆಯಿಂದ ಬಂದಿದ್ದ ಅಮ್ಮ ಎರಡು ಕಂಬಳಿ, ಒಂದು ಶಾಲು, ಅದರ ಮೇಲೆ ನನ್ನ ಜಾಕೆಟ್ಟನ್ನೂ ಹೊದ್ದು ಕುಳಿತು, "ಗ್ಯಾಸ್ ಮುಗಿದಿರಬೇಕು ನೋಡಪ್ಪ" ಎಂದರು. ಗ್ಯಾಸ್ ಮುಗಿದಿರಲಿಲ್ಲ, ಪಕ್ಕದ ಅಡುಗೆ ಒಲೆ ನೀಲಿಯಾಗಿ ಉರಿಯುತ್ತಿತ್ತು.

ಹೀಟರ್ ಆರಿಸಿ, ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಬ್ಯಾಟರಿಗೆ ಮೀಟರ್ ಹಿಡಿದೆ. 12.5 ವೋಲ್ಟ್. ಬ್ಯಾಟರಿ ಸರಿಯಿದೆ, ಹಾಗಾದರೆ ಹೀಟರ್‌ನ ಸರ್ಕ್ಯೂಟ್ ಬೋರ್ಡೇ ಹೋಗಿದೆ ಎಂದು ತೀರ್ಮಾನಿಸಿದೆ. ಫೀನಿಕ್ಸ್‌ಗೆ ಮರಳಿದ ಮೇಲೆ ರಿಪೇರಿ ಅಂಗಡಿಯವರೂ ಅದನ್ನೇ ಹೇಳಿದರು. ಹೊಸ ಬೋರ್ಡ್ ಹಾಕಿಸಿದೆ. ಮುಂದಿನ ಪ್ರವಾಸದಲ್ಲಿ ಅದೇ ಕಥೆ. ಕೊನೆಗೆ ದೋಷ ಸಿಕ್ಕಿದ್ದು ಹೀಟರ್‌ನಿಂದ ಎಂಟು ಅಡಿ ದೂರದಲ್ಲಿ, ಹತ್ತುವ ಮೆಟ್ಟಿಲ ಕೆಳಗೆ ಮಣ್ಣು ಮೆತ್ತಿಕೊಂಡಿದ್ದ ಒಂದು ಬೋಲ್ಟಿನಲ್ಲಿ. ಬೋರ್ಡಿಗೆ ಕೊಟ್ಟ ಹಣ ನನ್ನ ಕಲಿಕೆಯ ಶುಲ್ಕ. ನೀವು ಅದನ್ನು ಕಟ್ಟಬೇಕಾಗಿಲ್ಲ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು, ಯಾವ ಕರೆಂಟು?

ಅಮೆರಿಕದ ಮೋಟಾರ್‌ಹೋಮ್ ಒಂದರಲ್ಲಿ ಮೂರು ಸಂಸಾರಗಳಿವೆ. ಎಂಜಿನ್, ಹೆಡ್‌ಲೈಟ್, ವೈಪರ್‌ಗಳದು ಗಾಡಿಯ 12 ವೋಲ್ಟ್. ಅದಕ್ಕೆ ಸ್ವಂತ ಬ್ಯಾಟರಿ, ಸ್ವಂತ ಆಲ್ಟರ್ನೇಟರ್ (ಎಂಜಿನ್ ತಿರುಗಿಸುವ, ಬ್ಯಾಟರಿ ತುಂಬುವ ಯಂತ್ರ). ಒಳಗಿನ ದೀಪ, ನೀರಿನ ಪಂಪು, ಹೀಟರ್ ಫ್ಯಾನ್, ಫ್ರಿಜ್ಜಿನ ಬೋರ್ಡುಗಳದು ಮನೆಯ 12 ವೋಲ್ಟ್. ಅದರ ಬ್ಯಾಟರಿ ಬೇರೆ. ಏಸಿ, ಮೈಕ್ರೋವೇವ್, ಗೋಡೆಯ ಸಾಕೆಟ್ಟುಗಳದು 120 ವೋಲ್ಟ್. ಅದು ಕ್ಯಾಂಪಿನ ಕಂಬದಿಂದ ಅಥವಾ ಜನರೇಟರ್‌ನಿಂದ ಬರುತ್ತದೆ. ಮೂರೂ ಸಂಸಾರಗಳು ಸೇರುವುದು ಎರಡೇ ಕಡೆ. ಕಂಬದ 120 ವೋಲ್ಟನ್ನು ಇಳಿಸಿ ಮನೆಯ ಬ್ಯಾಟರಿಗೆ ತುಂಬುವ ಕನ್ವರ್ಟರ್ ಒಂದು. ಎಂಜಿನ್ ಓಡುವಾಗ ಎರಡು ಬ್ಯಾಟರಿಗಳನ್ನು ಜೋಡಿಸುವ ಸೊಲೆನಾಯ್ಡ್ (ಕರೆಂಟ್ ಕೊಟ್ಟರೆ ತಾನೇ ಕೂಡುವ ದಪ್ಪ ಸ್ವಿಚ್ಚು) ಇನ್ನೊಂದು. ಹಳೆಯ ಗಾಡಿಯಲ್ಲಿ ನನ್ನ ಅನುಮಾನ ಮೊದಲು ಹೋಗುವುದೇ ಈ ಎರಡರ ಮೇಲೆ.

ಹಾಗಾಗಿ ಏನು ಕೆಟ್ಟಿದೆ ಎನ್ನುವುದಕ್ಕಿಂತ ಅದರ ಜೊತೆಗೆ ಇನ್ನೇನು ಕೆಟ್ಟಿದೆ ಎನ್ನುವುದನ್ನು ಮೊದಲು ನೋಡಿ. ಪಂಪು, ದೀಪ, ಹೀಟರ್ ಮೂರೂ ಮಂಕಾಗಿದ್ದರೆ ಬ್ಯಾಟರಿ, ಮುಖ್ಯ ತಂತಿ, ಇಲ್ಲವೇ ಬಾಗಿಲ ಬಳಿಯ, ಬ್ಯಾಟರಿಯ ಸಂಪರ್ಕ ಕಡಿಯುವ ಡಿಸ್ಕನೆಕ್ಟ್ ಸ್ವಿಚ್ಚು. ಒಂದೇ ಸಾಲಿನ ದೀಪಗಳು ಹೋಗಿದ್ದರೆ ಫ್ಯೂಸ್. ಒಂದೇ ಒಂದು ದೀಪ ಹೋಗಿದ್ದರೆ ಬಲ್ಬು ಅಥವಾ ಹೋಲ್ಡರ್, ಅದಕ್ಕೆ ಮೀಟರ್ ತರಲು ಏಳುವುದೂ ಬೇಡ. ಫ್ರಿಜ್ ಗ್ಯಾಸಿನಲ್ಲಿ ಓಡುತ್ತಿದ್ದರೂ ಅದರ ಬೋರ್ಡಿಗೆ 12 ವೋಲ್ಟ್ ಬೇಕೇ ಬೇಕು. "ಗ್ಯಾಸಿನಲ್ಲೂ ಫ್ರಿಜ್ ನಡೆಯುತ್ತಿಲ್ಲ" ಎಂಬ ದೂರಿನ ಹಿಂದೆಯೂ ಬ್ಯಾಟರಿ ಇರಬಹುದು.

ಭಾರ ಹೊರಿಸದೆ ಅಳೆಯಬೇಡಿ

ನಮ್ಮ ಸೋದರಮಾವ ಲಾರಿಗಳ ವೈರಿಂಗ್ ಕೆಲಸ ಮಾಡುತ್ತಿದ್ದರು. ಅವರ ಬಳಿ ಮಲ್ಟಿಮೀಟರ್ ಇರಲಿಲ್ಲ. ಹೋಲ್ಡರ್‌ಗೆ ಹಾಕಿದ 21 ವ್ಯಾಟಿನ ಇಂಡಿಕೇಟರ್ ಬಲ್ಬು, ಅದಕ್ಕೆ ಎರಡು ಉದ್ದದ ತಂತಿ, ತುದಿಗೆ ಕ್ಲಿಪ್ಪು: ಅದೇ ಟೆಸ್ಟ್ ಲ್ಯಾಂಪ್. ಚಿಕ್ಕಂದಿನಲ್ಲಿ ಅದನ್ನು ನೋಡಿ ಬಡವರ ಮೀಟರ್ ಎಂದುಕೊಂಡಿದ್ದೆ. ಈಗ ತಿಳಿಯುತ್ತಿದೆ, ಈ ಕೆಲಸಕ್ಕೆ ಅದು ನನ್ನ ಮೀಟರ್‌ಗಿಂತ ಪ್ರಾಮಾಣಿಕ. ಡಿಜಿಟಲ್ ಮೀಟರ್ ತಂತಿಯಿಂದ ಎಳೆಯುವ ಕರೆಂಟು ಇಲ್ಲವೆನ್ನುವಷ್ಟು ಕಡಿಮೆ. ಹತ್ತೊಂಬತ್ತು ಎಳೆ ತುಂಡಾಗಿ ಒಂದೇ ಎಳೆ ಉಳಿದಿರುವ ತಂತಿಯೂ ಮೀಟರ್‌ಗೆ ಪೂರ್ತಿ 12.5 ತೋರಿಸುತ್ತದೆ. ಟೆಸ್ಟ್ ಲ್ಯಾಂಪ್ ಸುಮಾರು 1.7 ಆಂಪಿಯರ್ ಎಳೆಯುವುದರಿಂದ ಕೊಳೆತ ಜೋಡಣೆಯಲ್ಲಿ ಮಂಕಾಗಿಬಿಡುತ್ತದೆ. ಹಳೆಯ 55 ವ್ಯಾಟಿನ ಹೆಡ್‌ಲೈಟ್ ಬಲ್ಬು ಸಿಕ್ಕರೆ ಇನ್ನೂ ಒಳ್ಳೆಯದು.

ಭಾರವಿಲ್ಲದ, ಅಂದರೆ ಕರೆಂಟ್ ಎಳೆಯುವ ಏನನ್ನೂ ಹಾಕದೆ ಮಾಡುವ ಅಳತೆಗೂ ಒಂದು ಉಪಯೋಗವಿದೆ: ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ ಎಂದು ತಿಳಿಯಲು. ಚಾರ್ಜಿಂಗ್ ನಿಲ್ಲಿಸಿ, ಎಲ್ಲವನ್ನೂ ಆರಿಸಿ, ಕೆಲವು ಗಂಟೆ ಬಿಟ್ಟು ನೋಡಿ. ಸೀಸ-ಆಮ್ಲದ ಬ್ಯಾಟರಿ ತುಂಬಿದ್ದರೆ 12.6ರಿಂದ 12.7 ಇರಬೇಕು. 12.2 ಎಂದರೆ ಅರ್ಧ. 12ಕ್ಕಿಂತ ಕೆಳಗೆ ಹೋಯಿತೆಂದರೆ ಅದನ್ನು ಹಿಂಸಿಸುತ್ತಿದ್ದೀರಿ ಎಂದರ್ಥ. ಚಾರ್ಜರ್ ತೆಗೆದ ಕೂಡಲೇ ಅಳೆದರೆ 13 ಬರುತ್ತದೆ, ಅದನ್ನು ನಂಬಬೇಡಿ. ತುಂಬಿದ್ದ ಬ್ಯಾಟರಿ ಹೀಟರ್ ಫ್ಯಾನ್ ಹಾಕಿದೊಡನೆ 10.5ಕ್ಕೆ ಕುಸಿದರೆ ಒಂದು ಸೆಲ್ ಸತ್ತಿರಬಹುದು. ಮುಚ್ಚಳ ತೆಗೆಯಲು ಬರುವ ಬ್ಯಾಟರಿಯಾದರೆ ಆಮ್ಲದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಹಾಕಿ: ತುಂಬಿದ ಸೆಲ್ 1.265ರ ಆಸುಪಾಸು ಇರಬೇಕು. ಐದು ಸೆಲ್ ಒಂದು ಥರ, ಆರನೆಯದು ಇನ್ನೊಂದು ಥರ ಇದ್ದರೆ ಹುಡುಕಾಟ ಅಲ್ಲಿಗೇ ಮುಗಿಯಿತು.

ಆ ಬೋಲ್ಟು

ಹೀಟರ್‌ನೊಳಗೆ ಸೇಲ್ ಸ್ವಿಚ್ ಎಂಬ ಪುಟ್ಟ ವಸ್ತುವಿದೆ. ಫ್ಯಾನಿನ ಗಾಳಿ ತಾಗಿದರೆ ಬಾಗುವ, ಬೆರಳಗಲದ ತಗಡಿನ ರೆಕ್ಕೆ. ಗಾಳಿ ಸಾಕಷ್ಟು ಜೋರಾಗಿದ್ದರೆ ಮಾತ್ರ ಅದು ಬಾಗಿ ಸ್ವಿಚ್ ಕೂಡಿಸುತ್ತದೆ; ಆಮೇಲಷ್ಟೇ ಬೋರ್ಡ್ ಗ್ಯಾಸ್ ಬಿಟ್ಟು ಕಿಡಿ ಕೊಡುತ್ತದೆ. ಗಾಳಿಯಿಲ್ಲದೆ ಬೆಂಕಿ ಹತ್ತಿದರೆ ಅಪಾಯ ಎಂದು ಈ ಏರ್ಪಾಡು. ಆದ್ದರಿಂದ ಫ್ಯಾನ್ ತಿರುಗಿದರೆ ಸಾಲದು, ತಕ್ಕ ವೇಗದಲ್ಲಿ ತಿರುಗಬೇಕು. ಆ ರಾತ್ರಿ ನನಗೆ ಫ್ಯಾನಿನ ಸದ್ದು ಕೇಳಿಸಿತ್ತು. ಅದು ಏದುಸಿರು ಬಿಡುತ್ತಿದೆ ಎಂಬುದು ಕೇಳಿಸಿರಲಿಲ್ಲ.

ಎರಡನೆಯ ಸಲ ಅಂಗಳದಲ್ಲಿ ಗಾಡಿ ನಿಲ್ಲಿಸಿ, ಕಂಬದ ಕರೆಂಟ್ ತೆಗೆದು, ಹೀಟರ್ ಹಾಕಿ, ಫ್ಯಾನ್ ಓಡುತ್ತಿರುವಾಗಲೇ ಅಳೆದೆ. ಬ್ಯಾಟರಿಯ ಮೇಲೆ 12.2. ಹೀಟರ್‌ನ ತಂತಿಗಳಲ್ಲಿ 10.1. ನಡುವೆ 2.1 ವೋಲ್ಟ್ ಕಳುವಾಗಿದೆ. ಕಳ್ಳ ಪ್ಲಸ್ ಕಡೆಗಿದ್ದಾನೋ ಮೈನಸ್ ಕಡೆಗೋ?

ಇದನ್ನು ಕಂಡುಹಿಡಿಯುವ ರೀತಿ ಬಲು ಸರಳ, ಆದರೂ ಎಷ್ಟೋ ಮಂದಿ ಮಾಡುವುದಿಲ್ಲ. ಮೀಟರನ್ನು ವೋಲ್ಟ್‌ನಲ್ಲೇ ಇಟ್ಟು, ಉದ್ದದ ಒಂದು ತಂತಿ ಸೇರಿಸಿಕೊಂಡು, ಒಂದು ಕಡ್ಡಿಯನ್ನು ಬ್ಯಾಟರಿಯ ಪ್ಲಸ್ ಮೇಲೆ, ಇನ್ನೊಂದನ್ನು ಹೀಟರ್‌ನ ಪ್ಲಸ್ ಮೇಲೆ ಹಿಡಿಯಿರಿ. ಭಾರ ಇರುವಾಗ ಬರುವ ಅಂಕಿಯೇ ಆ ದಾರಿಯಲ್ಲಿ ಕಳೆದುಹೋಗುತ್ತಿರುವ ವೋಲ್ಟೇಜು. ನನಗೆ 0.3 ಬಂತು, ಅಷ್ಟು ಉದ್ದದ ಹಳೆಯ ತಂತಿಗೆ ಸಹಜ. ಮೈನಸ್‌ನಿಂದ ಮೈನಸ್‌ಗೆ ಹಿಡಿದಾಗ 1.8. ಮೈನಸ್ ಕಡೆ ಕರೆಂಟು ಮರಳುವುದು ಗಾಡಿಯ ಉಕ್ಕಿನ ಚೌಕಟ್ಟಾದ ಚಾಸಿಯ ಮೂಲಕ, ಅದನ್ನೇ ಅರ್ತ್ ಎನ್ನುವುದು. ಮುಂದೆ ಹಾದಿಯನ್ನು ತುಂಡು ತುಂಡಾಗಿ ಅಳೆಯುತ್ತಾ ಹೋದೆ. ಬ್ಯಾಟರಿಯ ಮೈನಸ್ ತುದಿಯಿಂದ ಕೇಬಲ್ಲಿಗೆ ಏನೂ ಇಲ್ಲ. ಕೇಬಲ್ಲಿನ ತುದಿಯ ಲಗ್ಗಿನಿಂದ (ಬೋಲ್ಟಿಗೆ ಸಿಕ್ಕಿಸುವ ತಾಮ್ರದ ಬಳೆ) ಅದನ್ನು ಬಿಗಿದ ಚಾಸಿಯ ಉಕ್ಕಿಗೆ, ಅರ್ಧ ಇಂಚಿನ ಅಂತರದಲ್ಲಿ, 1.6 ವೋಲ್ಟ್! ಫ್ಯಾನ್ ಎಳೆಯುತ್ತಿದ್ದದ್ದು ಸುಮಾರು 8 ಆಂಪಿಯರ್. ಅಂದರೆ ಹೆಚ್ಚೂಕಡಿಮೆ 13 ವ್ಯಾಟ್ ಆ ಬೋಲ್ಟನ್ನು ಬಿಸಿ ಮಾಡಲು ಖರ್ಚಾಗುತ್ತಿತ್ತು. ಮುಟ್ಟಿದರೆ ನಿಜಕ್ಕೂ ಬೆಚ್ಚಗಿತ್ತು. ಅಮ್ಮ ನಡುಗುತ್ತಿದ್ದಾಗ ನಾನು ಮೆಟ್ಟಿಲ ಕೆಳಗಿನ ಬೋಲ್ಟಿಗೆ ಶಾಖ ಕೊಡುತ್ತಿದ್ದೆ.

ಬಿಚ್ಚಿ ನೋಡಿದರೆ ತಾಮ್ರದ ಲಗ್ಗಿನ ಮೇಲೆ ಹಸಿರು ಕಿಲುಬು, ಅದರ ಕೆಳಗೆ ಬಣ್ಣದ ಪದರ, ಬಣ್ಣದ ಕೆಳಗೆ ಹಕ್ಕಳೆ ಹಕ್ಕಳೆಯಾದ ತುಕ್ಕು. ಮೊದಲು ಬ್ಯಾಟರಿಯ ಮೈನಸ್ ತೆಗೆದು, ಉಕ್ಕನ್ನು ವೈರ್ ಬ್ರಷ್ಷಿನಿಂದ ಹೊಳೆಯುವವರೆಗೆ ಉಜ್ಜಿ, ಲಗ್ಗನ್ನು ಎಮರಿ ಪೇಪರಿನಿಂದ ತಿಕ್ಕಿ, ಹೊಸ ಬೋಲ್ಟು, ಹಲ್ಲಿನ ವಾಷರ್ ಹಾಕಿ ಬಿಗಿದೆ. ಬಿಗಿದ ಮೇಲೆ ಹೊರಗಿನಿಂದ ಗ್ರೀಸ್ ಸವರಿದೆ; ನಡುವೆ ಬಣ್ಣವಾಗಲಿ ಗ್ರೀಸಿನ ಮುದ್ದೆಯಾಗಲಿ ಇರಬಾರದು. ಅಲ್ಲಿಯ ಕಳುವು 0.05ಕ್ಕೆ ಇಳಿಯಿತು. ಫ್ಯಾನಿನ ದನಿ ಬದಲಾಯಿತು, ಅರ್ಧ ನಿಮಿಷದೊಳಗೆ ಭುಗ್ ಎಂದು ಬೆಂಕಿ ಹತ್ತಿತು. "ಮೊದಲು ಅರ್ತ್ ನೋಡು" ಎಂದು ಸೋದರಮಾವ ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು.

ತುಂಬುತ್ತಿದೆಯೇ?

ಕಂಬಕ್ಕೆ ಸೇರಿಸುವ ಮುಂಚೆ ಬ್ಯಾಟರಿ ಅಳೆಯಿರಿ, ಸೇರಿಸಿದ ಮೇಲೆ ಅಳೆಯಿರಿ. ಅಂಕಿ 13ರ ಮೇಲಕ್ಕೆ ಏರಬೇಕು. ಏರದಿದ್ದರೆ ಕನ್ವರ್ಟರ್‌ನ ಬ್ರೇಕರ್, ಆಮೇಲೆ ಅದರ ಮುಖದ ಮೇಲಿರುವ ದಪ್ಪ ಫ್ಯೂಸುಗಳು. ಯಾರಾದರೂ ಎಂದಾದರೂ ಬ್ಯಾಟರಿಯನ್ನು ತಿರುವುಮುರುವಾಗಿ ಜೋಡಿಸಿದ್ದರೆ ಅವೇ ಮೊದಲು ಬಲಿಯಾಗುವುದು. ಡಿಸ್ಕನೆಕ್ಟ್ ಸ್ವಿಚ್ಚು ಆಫ್ ಆಗಿದ್ದು ನಾನೇ ಅರ್ಧ ದಿನ ಹುಡುಕಿದ್ದುಂಟು.

ಆ ಕಾಲದ ಕನ್ವರ್ಟರ್‌ಗಳು ಗುಂಯ್ ಎನ್ನುತ್ತಾ ಸದಾ 13.8ರ ಹತ್ತಿರ ಒಂದೇ ವೋಲ್ಟೇಜ್ ಕೊಡುತ್ತವೆ. ಖಾಲಿ ಬ್ಯಾಟರಿಗೆ ಅದು ಕಡಿಮೆ, ತುಂಬಿದ ಬ್ಯಾಟರಿಗೆ ಹೆಚ್ಚು. ತಿಂಗಳುಗಟ್ಟಲೆ ಕಂಬಕ್ಕೆ ಕಟ್ಟಿದ ಗಾಡಿಯ ಬ್ಯಾಟರಿಯಲ್ಲಿ ನೀರು ಆರಿ ಫಲಕಗಳು ಹೊರಗೆ ಕಾಣುತ್ತಿದ್ದರೆ ಕಾರಣ ಇದೇ.

ಎಂಜಿನ್ ಹಾಕಿ ಎರಡೂ ಬ್ಯಾಟರಿ ಅಳೆಯಿರಿ. ಗಾಡಿಯದು 14.2, ಮನೆಯದು 12.4 ಎಂದರೆ ಸೊಲೆನಾಯ್ಡ್ ಕೂಡುತ್ತಿಲ್ಲ. ಟಕ್ ಎಂಬ ಸದ್ದು ಬಂದರೂ ಒಳಗಿನ ತಟ್ಟೆ ಸುಟ್ಟಿರಬಹುದು. ಎರಡು ದಪ್ಪ ಬೋಲ್ಟುಗಳ ನಡುವೆ ವೋಲ್ಟ್ ಅಳೆದರೆ ತಿಳಿಯುತ್ತದೆ. ನಮ್ಮ ಗಾಡಿಯ ಹಿಂದಿನ ಮಾಲೀಕರು ಇದರ ಜಾಗದಲ್ಲಿ ಸೆಲ್ಫ್ ಮೋಟಾರಿನ ಸೊಲೆನಾಯ್ಡ್ ಹಾಕಿದ್ದರು. ನೋಡಲು ಎರಡೂ ಅವಳಿ. ಆದರೆ ಅದು ಕೆಲವು ಸೆಕೆಂಡ್ ಮಾತ್ರ ಕೆಲಸ ಮಾಡಲೆಂದು ಹುಟ್ಟಿದ್ದು, ಆರು ಗಂಟೆಯ ಪ್ರಯಾಣದಲ್ಲಿ ಬೆಂದುಹೋಗುತ್ತದೆ. ಸದಾ ಚಾಲೂ ಇರಬಲ್ಲದ್ದನ್ನೇ ಕೇಳಿ ತನ್ನಿ.

ಕರಿ ತಂತಿಗೆ ಮೂರು ಅರ್ಥ

ಕರ್ನಾಟಕದಲ್ಲಿ ವೈರಿಂಗ್ ಕಲಿತವರು ಈ ಭಾಗವನ್ನು ಎರಡು ಸಲ ಓದಬೇಕು. ನಮ್ಮ ಮನೆಗಳಲ್ಲಿ ಕೆಂಪು ಫೇಸ್, ಕರಿ ನ್ಯೂಟ್ರಲ್. ಅಮೆರಿಕದ 120 ವೋಲ್ಟಿನಲ್ಲಿ ಕರಿ ತಂತಿಯೇ ಫೇಸ್, ಬಿಳಿ ನ್ಯೂಟ್ರಲ್. ಅದೇ ಗಾಡಿಯ ಎಂಜಿನ್ ಕಡೆ ಕರಿ ತಂತಿ ಸಾಮಾನ್ಯವಾಗಿ ಅರ್ತ್. ಮನೆಯ 12 ವೋಲ್ಟಿಗೆ ಬಂದರೆ ಅನೇಕ ಗಾಡಿಗಳಲ್ಲಿ ಕರಿ ಪ್ಲಸ್, ಬಿಳಿ ಮೈನಸ್. ಕೈಗೆ ಅಂಟಿದ ಅಭ್ಯಾಸ ಬುದ್ಧಿಗಿಂತ ವೇಗವಾಗಿ ಓಡುತ್ತದೆ. ಬಣ್ಣ ನೋಡಿ ನಿರ್ಧರಿಸಬೇಡಿ, ಮೀಟರ್ ಹಿಡಿದು ನಿರ್ಧರಿಸಿ. 120 ವೋಲ್ಟಿನ ಪೆಟ್ಟಿಗೆ ತೆರೆಯುವ ಮುಂಚೆ ಕಂಬದ ಪ್ಲಗ್ ಕಿತ್ತು, ಜನರೇಟರ್ ತಾನಾಗಿ ಸ್ಟಾರ್ಟ್ ಆಗದಂತೆ ನೋಡಿಕೊಂಡು, ಇನ್ವರ್ಟರ್ ಇದ್ದರೆ ಅದನ್ನೂ ಆರಿಸಿ.

ಇನ್ನೊಂದು ಅಪಾಯ ಮನೆಯಲ್ಲೇ ಕಾದಿರುತ್ತದೆ. ಗಾಡಿಯ 30 ಆಂಪಿಯರ್ ಪ್ಲಗ್ಗಿಗೆ ಮೂರು ಕಡ್ಡಿ, ಅದು ಕೇಳುವುದು 120 ವೋಲ್ಟ್. ಮನೆಗೆ ಬಂದ ಎಲೆಕ್ಟ್ರಿಷಿಯನ್ 30 ಆಂಪಿಯರ್ ಎಂದು ಕೇಳಿದೊಡನೆ ಬಟ್ಟೆ ಒಣಗಿಸುವ ಯಂತ್ರದ ಸಾಕೆಟ್ ನೆನೆದು 240 ಜೋಡಿಸಿಬಿಡುವುದುಂಟು. ಗಾಡಿ ಸೇರಿಸುವ ಮುಂಚೆ ಮೀಟರ್ ಹಾಕಿ. ಸೇರಿಸಿದ ಮೇಲೆ ಮೈಕ್ರೋವೇವಿನಿಂದ ಬರುವ ಹೊಗೆ ನೋಡಿ ಪ್ರಯೋಜನವಿಲ್ಲ.

"ಬಾಗಿಲು ಜುಮ್ ಎನ್ನುತ್ತದೆ"

ಈ ದೋಷ ಕಂಡುಹಿಡಿದದ್ದು ಅಮ್ಮ. ಚಪ್ಪಲಿ ಹೊರಗೆ ಬಿಟ್ಟು ಬರಿಗಾಲಿನಲ್ಲಿ ಇಬ್ಬನಿಯ ನೆಲದ ಮೇಲೆ ನಿಂತು ಬಾಗಿಲ ಹಿಡಿ ಮುಟ್ಟಿದರು. ಬೆರಳು ಜುಮ್ ಎಂದಿತು. ಶೂ ಹಾಕಿದ ನನಗೆ ಏನೂ ಆಗಲಿಲ್ಲ. ಬರಿಗಾಲಿನ ಅಭ್ಯಾಸ ಇಲ್ಲದ ಮನೆಯಾಗಿದ್ದರೆ ಇದು ವರ್ಷಗಟ್ಟಲೆ ಗೊತ್ತಾಗುತ್ತಿರಲಿಲ್ಲವೇನೋ.

ಮೈಯೆಲ್ಲ ಲೋಹವಾದ ಗಾಡಿಗೆ ಹೀಗೆ ಕರೆಂಟ್ ಹತ್ತಬೇಕಾದರೆ ಎರಡು ತಪ್ಪು ಕೂಡಬೇಕು: ಒಳಗೆಲ್ಲೋ ಸೋರಿಕೆ, ಜೊತೆಗೆ ಕಂಬದವರೆಗಿನ ಅರ್ತ್ ತುಂಡಾಗಿರುವುದು. ಜುಮ್ ಎಂದ ಕ್ಷಣವೇ ಗಾಡಿಯನ್ನು ಇನ್ನು ಮುಟ್ಟದೆ ಕಂಬದ ಬ್ರೇಕರ್ ಆಫ್ ಮಾಡಿ. "ಸ್ವಲ್ಪವೇ ತಾನೆ" ಎನ್ನಬೇಡಿ, ಮಳೆ ಬಂದರೆ ಅದು ಸ್ವಲ್ಪವಾಗಿ ಉಳಿಯುವುದಿಲ್ಲ. ನಮ್ಮಲ್ಲಿ ಕಂಬಕ್ಕೆ ಸೇರಿಸುವ ಅಡಾಪ್ಟರ್‌ನ ಅರ್ತ್ ಕಡ್ಡಿ ಒಳಗೇ ಕಳಚಿತ್ತು, ನೀರು ಕಾಯಿಸುವ ಕಾಯಿಲ್ ಸೋರುತ್ತಿತ್ತು. ಪ್ಲಗ್ ಕಿತ್ತ ಮೇಲೆ, ಗಾಡಿಯ ಪೆಟ್ಟಿಗೆಯೊಳಗಿನ ನ್ಯೂಟ್ರಲ್ ಪಟ್ಟಿಗೂ ಅರ್ತ್ ಪಟ್ಟಿಗೂ ಸಂಪರ್ಕ ಇಲ್ಲವೆಂದು ಮೀಟರ್‌ನಲ್ಲಿ ಖಚಿತಪಡಿಸಿಕೊಳ್ಳಿ. ಮನೆಯ ಪೆಟ್ಟಿಗೆಯಲ್ಲಿ ಅವೆರಡನ್ನೂ ಕೂಡಿಸುತ್ತಾರೆ, ಗಾಡಿಯಲ್ಲಿ ಕೂಡಿಸಬಾರದು.

ಪ್ಲಗ್ಗಿನ ಕಡ್ಡಿ ಕಂದಾಗಿದ್ದರೆ, ಸುತ್ತಲ ಪ್ಲಾಸ್ಟಿಕ್ ಕರಗಿದ್ದರೆ ತುದಿ ಬದಲಿಸಿ. ಕಂಬ ಮತ್ತು ಜನರೇಟರ್ ನಡುವೆ ಆಯ್ಕೆ ಮಾಡುವ ಸ್ವಿಚ್ಚಿನ ಪೆಟ್ಟಿಗೆಯನ್ನೂ ತೆರೆದು ನೋಡಿ. ಇಪ್ಪತ್ತೈದು ವರ್ಷ ಕುಲುಕಾಡಿದ ಸ್ಕ್ರೂಗಳು ಅಲ್ಲಿ ಸಡಿಲವಾಗಿ ಸುಟ್ಟಿರುತ್ತವೆ. ಅರ್ಧ ಗಾಡಿಯ ಸಾಕೆಟ್ಟುಗಳು ಸತ್ತು ಏಸಿ ಮಾತ್ರ ಓಡುತ್ತಿದ್ದರೆ ಬಚ್ಚಲಿಗೆ ಹೋಗಿ, ಸೋರಿಕೆ ಕಂಡರೆ ಕರೆಂಟ್ ಕಡಿಯುವ ಎರಡು ಗುಂಡಿಯ ಸಾಕೆಟ್ಟಿನಲ್ಲಿ ರೀಸೆಟ್ ಒತ್ತಿ. ಅಡುಗೆಮನೆ, ಹೊರಗಿನ ಸಾಕೆಟ್ಟುಗಳೂ ಅದರ ಹಿಂದೆಯೇ ಇರುವುದು ಸಾಮಾನ್ಯ. ನಮ್ಮೂರಿನ ಮನೆಗಳಿಗೆ ಹಾಕುವ 30 ಮಿಲಿಆಂಪಿಯರ್ ರಕ್ಷಕಕ್ಕೆ ಹೋಲಿಸಿದರೆ ಇದು ಸುಮಾರು 5ಕ್ಕೇ ಬೀಳುವ ಸೂಕ್ಷ್ಮ ಪ್ರಾಣಿ.

ನಿಂತಲ್ಲೇ ಬರಿದಾಗುವ ಬ್ಯಾಟರಿ

ಎಲ್ಲ ಆರಿಸಿ, ಬ್ಯಾಟರಿಯ ಮೈನಸ್ ತಂತಿ ತೆಗೆದು, ಅದರ ಮತ್ತು ಬ್ಯಾಟರಿಯ ಮೈನಸ್ ತುದಿಯ ನಡುವೆ ಮೀಟರನ್ನು 10 ಆಂಪಿಯರ್ ತೂತಿನಲ್ಲಿ ಸೇರಿಸಿ. ಈ ಹೊತ್ತಿನಲ್ಲಿ ಪಂಪು, ಫ್ಯಾನ್ ಯಾವುದನ್ನೂ ಹಾಕಬೇಡಿ, ಮೀಟರ್‌ನ ಫ್ಯೂಸ್ ಹೋಗುತ್ತದೆ. ನನಗೆ 1.7 ಬಂತು, ಅಂದರೆ ದಿನಕ್ಕೆ 40 ಆಂಪಿಯರ್-ಗಂಟೆ! ಫ್ಯೂಸುಗಳನ್ನು ಒಂದೊಂದಾಗಿ ಕೀಳುತ್ತಾ ಹೋದಾಗ ಒಂದಕ್ಕೆ 0.3ಕ್ಕೆ ಬಿತ್ತು. ಆ ಸಾಲಿನಲ್ಲಿ ಸಾಮಾನು ಪೆಟ್ಟಿಗೆಯ ದೀಪವಿತ್ತು. ಮುಚ್ಚಳ ಮುಚ್ಚಿದಾಗ ಆರಬೇಕಾದ ದೀಪ ಆರುತ್ತದೆಯೇ ಎಂದು ನೋಡಲು ಮುಚ್ಚಳ ತೆರೆಯಬೇಕು, ತೆರೆದರೆ ಅದು ಹೇಗೂ ಹತ್ತಿಕೊಳ್ಳುತ್ತದೆ. ಮೊಬೈಲಿನಲ್ಲಿ ವಿಡಿಯೊ ಚಾಲೂ ಮಾಡಿ ಒಳಗಿಟ್ಟು ಮುಚ್ಚಿದೆ. ವಿಡಿಯೊದಲ್ಲಿ ಹಬ್ಬದ ಬೆಳಕು. ಉಳಿದ 0.3 ಗ್ಯಾಸ್ ಸೋರಿಕೆಯ ಎಚ್ಚರಿಕೆ ಯಂತ್ರ, ರೇಡಿಯೊ ನೆನಪು ಇತ್ಯಾದಿ. ಅದು ಇರುವಂಥದ್ದೇ.

ಇನ್ನು ಹೊಸದು ಹಾಕುವುದು

ದೋಷ ಇರುವಾಗ ಹೊಸ ಸಾಮಾನು ತರಬೇಡಿ. ಕಿಲುಬಿನ ಬೋಲ್ಟು ಲಿಥಿಯಂ ಬ್ಯಾಟರಿಗೂ ಅಷ್ಟೇ ಕಿಲುಬು.

ಅಗ್ಗದ ಲಾಭ ಎಲ್‌ಇಡಿಯಲ್ಲಿದೆ. 1141 ಎಂಬ ಹಳೆಯ ಬಲ್ಬು 1.4 ಆಂಪಿಯರ್ ಎಳೆದರೆ ಬದಲಿ ಎಲ್‌ಇಡಿಗೆ ಸಾಮಾನ್ಯವಾಗಿ 0.3ರ ಒಳಗೇ ಸಾಕು. ಹಳೆಯ ಕನ್ವರ್ಟರ್‌ನ ಒರಟು ಕರೆಂಟಿನಲ್ಲಿ ಎಲ್‌ಇಡಿಗಳು ಮಿನುಗಬಹುದು. ದೂರು ಬಲ್ಬಿನ ಮೇಲೆ ಹಾಕಬೇಡಿ.

ಎರಡನೆಯದು ಕನ್ವರ್ಟರ್. ಬ್ಯಾಟರಿಯ ಸ್ಥಿತಿ ನೋಡಿ 14.4, 13.6, 13.2 ಎಂದು ಹಂತ ಬದಲಿಸುವಂಥದ್ದು ತನ್ನಿ, ಬ್ಯಾಟರಿಗೆ ಹತ್ತಿರ ಇಡಿ. ಆದರೆ ನೀರು ತುಂಬುವ ಬ್ಯಾಟರಿಯ ಗೂಡಿನೊಳಗೆ ಬೇಡ, ಅಲ್ಲಿ ಹೈಡ್ರೋಜನ್ ಏಳುತ್ತದೆ. ತಂತಿಯ ದಪ್ಪದಲ್ಲಿ ಜಿಪುಣತನ ಮಾಡಬೇಡಿ. 45 ಆಂಪಿಯರನ್ನು 15 ಅಡಿ ದೂರಕ್ಕೆ, ಹೋಗಿ ಬರುವ 30 ಅಡಿ ತಂತಿಯಲ್ಲಿ, 8 ಗೇಜಿನಲ್ಲಿ ಕಳಿಸಿದರೆ 0.85 ವೋಲ್ಟ್ ದಾರಿಯಲ್ಲೇ ಖರ್ಚು. ಅದಕ್ಕಿಂತ ದಪ್ಪದ 4 ಗೇಜಿನಲ್ಲಿ 0.34. ಮೊದಲನೆಯದರಲ್ಲಿ 14.4 ಕಳಿಸಿದರೆ ಬ್ಯಾಟರಿಗೆ ತಲುಪುವುದು 13.55. ಹಳೆಯ ಕನ್ವರ್ಟರ್‌ನಷ್ಟೇ! ಬ್ಯಾಟರಿಯ ಪ್ಲಸ್‌ನಿಂದ ಹೊರಡುವ ಪ್ರತಿ ದಪ್ಪ ತಂತಿಗೂ ಬ್ಯಾಟರಿಯ ಬುಡದಲ್ಲೇ ಫ್ಯೂಸ್ ಇರಲಿ.

ಬ್ಯಾಟರಿ ಯಾವುದು? ನಾನು ಎರಡು 6 ವೋಲ್ಟಿನ ಗಾಲ್ಫ್ ಕಾರ್ಟ್ ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿದೆ, ಸುಮಾರು 220 ಆಂಪಿಯರ್-ಗಂಟೆ. ಭಾರ, ನೀರು ಹಾಕಬೇಕು, ಆದರೆ ಹಳೆಯ ಗಾಡಿಯ ಹಳೆಯ ಆಲ್ಟರ್ನೇಟರ್ ಜೊತೆ ಹೊಂದಿಕೊಂಡು ಹೋಗುತ್ತವೆ. ಲಿಥಿಯಂ ಐರನ್ ಫಾಸ್ಫೇಟ್ ಹಗುರ, ಹೆಚ್ಚು ಕಾಲ ಬಾಳುತ್ತದೆ, ಆದರೆ ಒಂಟಿಯಾಗಿ ಮನೆಗೆ ಬರುವ ಸೊಸೆಯಲ್ಲ. ಅದು ಹಸಿದಾಗ ಎಳೆಯುವ ಕರೆಂಟಿಗೆ ಆಲ್ಟರ್ನೇಟರ್ ಬೇಯದಿರಲು ನಡುವೆ ಆ ಕರೆಂಟನ್ನು ಮಿತಿಯಲ್ಲಿಡುವ ಡಿಸಿ-ಡಿಸಿ ಚಾರ್ಜರ್ ಬೇಕು. 0 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದಕ್ಕೆ ಚಾರ್ಜ್ ಮಾಡಬಾರದು, ಹಾಗಾಗಿ ಬೆಚ್ಚಗಿನ ಜಾಗ ಬೇಕು. ವೋಲ್ಟೇಜ್ ಬಹುಪಾಲು 13ರ ಮೇಲೇ ಚಪ್ಪಟೆಯಾಗಿ ನಿಲ್ಲುವುದರಿಂದ ಗೋಡೆಯ ಹಳೆಯ ಬ್ಯಾಟರಿ ಸೂಚಕ ಅರ್ಥ ಕಳೆದುಕೊಳ್ಳುತ್ತದೆ. ಒಳಹೋದದ್ದು ಹೊರಬಂದದ್ದನ್ನು ಎಣಿಸುವ ಶಂಟ್ ಮೀಟರ್ ಬೇಕು. ಇದೆಲ್ಲ ಮಾಡುವ ಮನಸ್ಸಿದ್ದರೆ ಹಾಕಿ, ಇಲ್ಲದಿದ್ದರೆ ಗಾಲ್ಫ್ ಕಾರ್ಟ್ ಬ್ಯಾಟರಿಗೆ ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್ ನೋಡಿಕೊಂಡು ಹಾಯಾಗಿರಿ. ಛಾವಣಿಯ ಸೋಲಾರ್ ಇವೆಲ್ಲ ಆದ ಮೇಲಿನ ಮಾತು.

ಕೆಲಸ ಮುಗಿದ ಮೇಲೆ ಹೀಟರ್, ಪಂಪು, ಫ್ರಿಜ್ಜುಗಳನ್ನು ಒಂದೊಂದಾಗಿ ಹಾಕಿ, ಬ್ಯಾಟರಿಯಲ್ಲಿ ಎಷ್ಟು, ಅಲ್ಲಿ ಎಷ್ಟು ಎಂದು ಅಳೆದು, ತಾರೀಖಿನ ಸಮೇತ ಬೀರುವಿನ ಬಾಗಿಲ ಒಳಗೆ ಅಂಟಿಸಿದ್ದೇನೆ. ಹೀಟರ್‌ನ ಮುಂದೆ ಈಗ 11.9 ಎಂದಿದೆ. ಕೊನೆಯ ಸಾಲು, ಹಿಂಬದಿಯ ಹೊರದೀಪ, ಇನ್ನೂ ಖಾಲಿ. ಅದರ ತಂತಿ ಗೋಡೆಯೊಳಗೆ ಎಲ್ಲೋ ತಿರುಗಿ ಮಾಯವಾಗಿದೆ. ಫೀನಿಕ್ಸ್‌ನ ಬೇಸಿಗೆಯಲ್ಲಿ ಗಾಡಿಯೊಳಗೆ ಕುಳಿತು ಅದನ್ನು ಹುಡುಕುವಷ್ಟು ಹುಚ್ಚು ನನಗಿಲ್ಲ, ನವೆಂಬರ್ ಬರಲಿ.